ತೌನೊ ತೀರಿಕೊಂಡ ವಾರ

ನನ್ನ ಮನೆಗೂ ಮಿಷನ್ ಮನೆಗೂ ನಡುವೆ ಕೋಲು ನೆಟ್ಟ ಒಂದು ಬೇಲಿ, ಅಷ್ಟೇ. ಆ ಬೇಲಿಯ ಆಚೆ ಎರಡು ವರ್ಷ ಇದ್ದವರು ಫಿನ್ಲೆಂಡಿನ ವಯಸ್ಸಾದ ಗಂಡ ಹೆಂಡತಿ, ತೌನೊ ಮತ್ತು ಸಿಲ್ವಿ. ಹರೆಯದಲ್ಲಿ ಇದೇ ಒವಾಂಬೋ ನಾಡಿನಲ್ಲಿ ಬಹಳ ಕಾಲ ದುಡಿದವರು. ಅವರು ಪಾದ್ರಿ, ಆಕೆ ಹೆರಿಗೆ ಮಾಡಿಸುವ ನರ್ಸು. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ರಜೆಗೆಂದು ತಮ್ಮ ದೇಶಕ್ಕೆ ಹೋದವರನ್ನು ನಮ್ಮನ್ನು ಆಳುತ್ತಿದ್ದ ಅಂದಿನ ಬಿಳಿಯರ ಸರ್ಕಾರ ಮತ್ತೆ ಒಳಗೆ ಬಿಡಲಿಲ್ಲ. ನಾವು ಸ್ವತಂತ್ರರಾಗಿ ಕೆಲವು ವರ್ಷ ಕಳೆದ ಮೇಲೆ, ಇಬ್ಬರ ತಲೆಯೂ ಪೂರ್ತಿ ಬೆಳ್ಳಗಾದ ಮೇಲೆ, ಕೊನೆಯದೊಂದು ಸಲ ಕಳಿಸಿಕೊಡಿ ಎಂದು ಮಿಷನ್ನಿನವರನ್ನು ಕೇಳಿಕೊಂಡು ಬಂದಿದ್ದರು.

ಬಂದರೆ ಅವರ ಕಾಲದವರು ಯಾರಿದ್ದರು ಇಲ್ಲಿ? ಯುದ್ಧಕ್ಕೆಂದು ಗಡಿ ದಾಟಿ ಹೋದವರಲ್ಲಿ ಅರ್ಧ ಜನ ವಾಪಸ್ಸು ಬಂದಿರಲಿಲ್ಲ. ಮುದುಕರಾದವರು ಮಣ್ಣು ಸೇರಿದ್ದರು. ಚರ್ಚಿಗೆ ನಮ್ಮವರೇ ಪಾದ್ರಿಯಾಗಿದ್ದರು, ಆಸ್ಪತ್ರೆ ಸರ್ಕಾರದ ಕೈಗೆ ಹೋಗಿತ್ತು. ಸಿಲ್ವಿ ಮೊದಮೊದಲು ದಿನಾ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿನ ನರ್ಸು ಲವೀನಿಯಾ ಒಳ್ಳೆಯ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಮೇಮೆ, ನೀವು ಸುಮ್ನೆ ಕೂತ್ಕೊಳ್ಳಿ. ನೀವು ಮಾಡಿದ್ದು ಸಾಕು, ಇನ್ನು ನಾವಿದ್ದೀವಲ್ಲ." ಮೇಮೆ ಅಂದರೆ ನಮ್ಮಲ್ಲಿ ತಾಯಿ, ಗೌರವದ ಮಾತು. ಆದರೆ ಆ ಗೌರವ ಸಿಲ್ವಿಯನ್ನು ಮರದ ಕೆಳಗಿನ ಬೆಂಚಿನ ಮೇಲೆ ಕೂರಿಸಿಬಿಟ್ಟಿತು. ಅಲ್ಲಿ ಕೂತು ಹುಟ್ಟಲಿರುವ ಕೂಸುಗಳಿಗೆ ಉಣ್ಣೆಯ ಟೋಪಿ ಹೆಣೆಯುತ್ತಿದ್ದರು. ನಮ್ಮ ಸೆಕೆಗೆ ಉಣ್ಣೆಯ ಟೋಪಿ! ಬಸುರಿಯರು ತಲೆಬಾಗಿ ತೆಗೆದುಕೊಂಡು ಹೋಗಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ತೌನೊ ಹಳೆಯ ಪಿಕಪ್ ಓಡಿಸಿಕೊಂಡು ದೂರದ ಚರ್ಚುಗಳಿಗೆ ಹೋಗಿ ಬೋಧನೆ ಮಾಡುತ್ತಿದ್ದರು. ನಮ್ಮ ಭಾಷೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಮೂವತ್ತು ವರ್ಷ ಹಿಂದಿನ ಭಾಷೆ. ಹುಡುಗಿಯರು ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದರು. ಒಂದು ಸಲ ನಾನು ಪಾಠ ಹೇಳುವ ಶಾಲೆಯ ಹುಡುಗಿಯೊಬ್ಬಳು ಅವರನ್ನು ತಾತೆ, ಅಂದರೆ ತಂದೆ, ಎಂದು ಕರೆದು ಮುಂದೆಯೇ ಅಂದುಬಿಟ್ಟಳು: "ತಾತೆ, ನಿಮ್ ಮಾತು ಕೇಳಿದ್ರೆ ನಮ್ಮಜ್ಜಿ ಗೋರಿಯಿಂದ ಎದ್ದು ಬಂದು ಬೈತಾ ಇರೋ ಹಾಗಿರತ್ತೆ."

ತೌನೊ ಬಿದ್ದು ಬಿದ್ದು ನಕ್ಕರು. "ನಿಮ್ಮಜ್ಜೀನೇ ಕಣಮ್ಮ ನನಗೆ ಕಲಿಸಿದ್ದು. ಕೋಲು ಹಿಡ್ಕೊಂಡು ಕಲಿಸಿದ್ಲು."

ಮನೆಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ಸಂಜೆ ಕಾಫಿ ಕಾಸಿ, ಏಲಕ್ಕಿ ಹಾಕಿದ ಬನ್ನು ತಟ್ಟೆಗಿಟ್ಟು, ಜಾಲರಿ ಬಾಗಿಲ ಹಿಂದೆ ಇಬ್ಬರೇ ಕೂತಿರುತ್ತಿದ್ದರು. ಅವರಿಗೆ ಹಾಗೆಯೇ ಇಷ್ಟ ಎಂದು ಊರವರು, ಊರವರಿಗೆ ತಾವು ಬೇಡ ಎಂದು ಅವರು ಅಂದುಕೊಂಡಿದ್ದರು. ನನ್ನ ಗಂಡ ದಕ್ಷಿಣದ ವಜ್ರದ ಗಣಿಯಲ್ಲಿದ್ದ. ಕ್ರಿಸ್ಮಸ್ಸಿಗೆ ಬಂದರೆ ಬಂದ. ಸಂಜೆಯ ಹೊತ್ತು ಮನೆ ಹೇಗೆ ಬಿಕೋ ಅನ್ನುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಒಂದು ದಿನ ಸುಮ್ಮನೆ ಹೋದೆ.

ಸಿಲ್ವಿ ಬಾಗಿಲು ತೆರೆದವರೇ ಕೇಳಿದರು: "ಸೈಮಿ, ಏನು ಬೇಕಿತ್ತು?"

"ಏನೂ ಬೇಡ ಮೇಮೆ."

"ಮತ್ತೆ?"

"ಸುಮ್ನೆ ಬಂದೆ."

ಆಕೆ ಒಳಗೆ ಕರೆದು ಕಾಫಿ ಬಗ್ಗಿಸಿದರು. ಕಾಫಿ ಕುಡಿಯುತ್ತ ನಾನೇ ಬಾಯಿ ಬಿಟ್ಟು ಹೇಳಿದೆ. "ಮೇಮೆ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಬಂದವರನ್ನ ಏನು ಬೇಕು ಅಂತ ಕೇಳಲ್ಲ. ಬೇಡೋಕೆ ಬಂದ ಹಾಗಾಗತ್ತೆ. ಮೊದ್ಲು ಕೂರಿಸಬೇಕು. ದನ ಹೇಗಿದೆ, ಮಳೆ ಬಂತಾ, ಮಕ್ಕಳು ಹೇಗಿದಾರೆ, ಎಲ್ಲಾ ಕೇಳಬೇಕು. ಬಂದ ಕೆಲಸ ಏನಾದ್ರೂ ಇದ್ರೆ ಎದ್ದು ಹೋಗೋವಾಗ ಅವರೇ ಹೇಳ್ತಾರೆ."

ಸಿಲ್ವಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ನಾನು ಹರೆಯದಲ್ಲಿ ಇಲ್ಲಿಗೆ ಬಂದಾಗಿನಿಂದ ಹೀಗೇ ಕೇಳ್ತಾ ಬಂದಿದೀನಲ್ಲ! ಒಬ್ಬರೂ ಹೇಳಲಿಲ್ವಲ್ಲ ಸೈಮಿ."

"ಹೇಗೆ ಹೇಳ್ತಾರೆ? ನೀವು ಕೇಳಿದ ಕೂಡಲೇ ಅವರು ಮಾತ್ರೆ ಬೇಕು ಅಂದ್ಬಿಡ್ತಾರೆ. ತಲೆನೋವು ಇಲ್ದಿದ್ರೂ."

ತೌನೊ ಪಕ್ಕದ ಕೋಣೆಯಿಂದಲೇ ಜೋರಾಗಿ ನಕ್ಕರು. ಸಿಲ್ವಿಯೂ ನಕ್ಕರು, ಆದರೆ ಬೇಗ ನಿಲ್ಲಿಸಿಬಿಟ್ಟರು. ಅಂದಿನಿಂದ ವಾರಕ್ಕೊಂದೆರಡು ಸಲ ನಾನು ಹೋಗುತ್ತಿದ್ದೆ. ನನ್ನದು ಅವರ ನಾಡಿನ ಹೆಸರು, ಯಾವುದೋ ಕಾಲದ ಮಿಷನ್ ನರ್ಸಿನ ನೆನಪಿಗೆ ಅಪ್ಪ ಇಟ್ಟದ್ದು. "ನಮ್ಮಲ್ಲಿ ಈಗ ಸೈಮಿ ಅನ್ನೋ ಹೆಸರು ಮುದುಕಿಯರಿಗೆ ಮಾತ್ರ ಇರೋದು," ಎಂದು ಸಿಲ್ವಿ ಆಗಾಗ ರೇಗಿಸುತ್ತಿದ್ದರು.

ಶನಿವಾರ ಅವರಿಬ್ಬರೂ ಹಿತ್ತಲ ಮರದ ಕೋಣೆಯಲ್ಲಿ ಕಲ್ಲು ಕಾಯಿಸಿ, ನೀರು ಹುಯ್ದು, ಆ ಹಬೆಯಲ್ಲಿ ಕೂರುತ್ತಿದ್ದರು. ಅದರ ಹೊಗೆ ಕಂಡಾಗಲೆಲ್ಲ ನಮ್ಮೂರಿನ ಫ್ರೀಡಾ ಅಜ್ಜಿಗೆ ಮಾತಿಗೆ ವಸ್ತು ಸಿಗುತ್ತಿತ್ತು. "ಈ ಬಿಸಿಲು ಸಾಲ್ದು ಅಂತ ಬೆಂಕಿ ಹಾಕ್ಕೊಂಡು ಒಳಗೆ ಕೂರ್ತಾರಲ್ಲ, ಇವರೇನು ಮನುಷ್ಯರಾ, ಒಣಮೀನಾ?"

ಆ ವರ್ಷ ಮಳೆ ಜೋರಾಗಿ ಹಿಡಿದು ಊರ ಮುಂದಿನ ತಗ್ಗುಗಳೆಲ್ಲ ತುಂಬಿದ್ದವು. ಹೆಂಗಸರು ಬುಟ್ಟಿ ಹಿಡಿದು ಮೀನಿಗೆ ಇಳಿದಿದ್ದರು. ಒಂದು ಶನಿವಾರ ನಾನು ಅಂಗಳದಲ್ಲಿ ಮೀನು ಸೀಳುತ್ತಿದ್ದೆ. ಬೇಲಿಯ ಆಚೆಯಿಂದ ಸಿಲ್ವಿ ನನ್ನ ಹೆಸರು ಕೂಗಿದರು. ಆಕೆ ಎಂದೂ ಬೇಲಿ ಮೇಲಿಂದ ಕೂಗಿದವರಲ್ಲ. ಕೈ ತೊಳೆಯದೆ ಓಡಿದೆ.

ತೌನೊ ಹಬೆ ಸ್ನಾನ ಮುಗಿಸಿ ಬಂದು, ಜಗಲಿಯ ಕುರ್ಚಿಯಲ್ಲಿ ಟವಲ್ ಹೊದ್ದು ಕೂತಿದ್ದರಂತೆ. ಕಾಫಿ ತಂದು ಕೊಟ್ಟರೆ ಕೈ ಎತ್ತಲಿಲ್ಲವಂತೆ. ಲವೀನಿಯಾ ಬಂದು ಎದೆಗೆ ಕಿವಿಯಿಟ್ಟು ನೋಡಿದಳು. ಅಲ್ಲಿ ಇದ್ದ ಮೂವರಲ್ಲಿ ಎಲ್ಲ ಮುಗಿದುಹೋಗಿದೆ ಎಂದು ಮೊದಲು ತಿಳಿದವರು ಸಿಲ್ವಿಯೇ. ಗಂಡನ ಕಾಲಿಗೆ ಅಂಟಿದ್ದ ಮರಳನ್ನು ಒಂದೇ ಸಮನೆ ಒರೆಸುತ್ತಿದ್ದರು.

ಸುದ್ದಿ ಹೋಗಲು ನಮ್ಮಲ್ಲಿ ಎಷ್ಟು ಹೊತ್ತು? ದೇಹವನ್ನು ಆಸ್ಪತ್ರೆಯ ಶವಾಗಾರಕ್ಕೆ ಸಾಗಿಸಿದ್ದರು. ಸಂಜೆಯೊಳಗೆ ಊರಿಗೆ ಊರೇ ಬಂತು. ಸಾವಿನ ಮನೆಯನ್ನು ಖಾಲಿ ಬಿಡುವ ರೂಢಿ ನಮ್ಮಲ್ಲಿಲ್ಲ. ಮಣ್ಣಾಗುವವರೆಗೂ ಹೆಂಗಸರು ಅಲ್ಲೇ ಮಲಗುತ್ತಾರೆ, ಗಂಡಸರು ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತಾರೆ, ದಿನಾ ಸಂಜೆ ಹಾಡು, ಪ್ರಾರ್ಥನೆ. ಅದರಂತೆಯೇ ಹಾಸಿಗೆ ಹೊತ್ತು ಬಂದರು. ಮಲಗಲು ಜಾಗವಾಗಲೆಂದು ನಡುಮನೆಯ ಮೇಜು ಕುರ್ಚಿಗಳನ್ನು ಅಂಗಳಕ್ಕೆ ಸಾಗಿಸಿದರು. ಒಲೆಯ ಮೇಲೆ ಸಜ್ಜೆ ಮುದ್ದೆಗೆ ದೊಡ್ಡ ಪಾತ್ರೆ ಏರಿತು. ಎರಡು ವರ್ಷದಲ್ಲಿ ಒಮ್ಮೆಯೂ ಹೊಸ್ತಿಲು ದಾಟದವರು ಈಗ ಮನೆ ತುಂಬ ಇದ್ದರು.

ಸಿಲ್ವಿ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಫ್ರೀಡಾ ಅಜ್ಜಿ ಜಗಲಿಯ ಲೋಟಗಳನ್ನೆಲ್ಲ ತೊಳೆದು ತಂದು ಬೋರಲು ಹಾಕಿದಳು. ತೌನೊ ಮುಟ್ಟದೆ ಬಿಟ್ಟ ಕಾಫಿಯ ಲೋಟವೂ ಅದರಲ್ಲಿತ್ತು.

"ಹೋಗಿ," ಎಂದರು ಸಿಲ್ವಿ.

ಯಾರಿಗೂ ಅರ್ಥವಾಗಲಿಲ್ಲ.

"ಎಲ್ಲರೂ ಹೋಗಿ. ದಯವಿಟ್ಟು. ನನ್ನ ಮನೆಯಿಂದ ಹೋಗಿ!"

ಚರ್ಚಿನ ಹಿರಿಯರಾದ ಶಿಗ್ವೇಧಾ ಎದ್ದು ಟೋಪಿ ಕೈಗೆ ತೆಗೆದುಕೊಂಡರು. "ಸಾವಿನ ಮನೆಯಿಂದ ಯಾರನ್ನೂ ಓಡಿಸಿದ್ದು ನಾನಂತೂ ಕಂಡಿಲ್ಲ," ಎಂದು ತಮ್ಮಷ್ಟಕ್ಕೇ ಅಂದುಕೊಂಡು ಹೊರಟರು. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ. ಕೆಲವರಿಗೆ ಸಿಟ್ಟು, ಬಹಳ ಜನಕ್ಕೆ ನಾಚಿಕೆ. ಒಬ್ಬಳು ಗೇಟಿನ ಹತ್ತಿರ, "ಬಿಳಿಯರಲ್ವಾ, ಅಷ್ಟೇ," ಎಂದದ್ದಕ್ಕೆ ಫ್ರೀಡಾ ಅಜ್ಜಿ ಗದರಿದಳು.

"ಬಾಯಿ ಮುಚ್ಚೇ. ಅವಳಿಗೆ ಒಬ್ಬಳೇ ಅತ್ತು ರೂಢಿ, ಅಳ್ಲಿ. ತೌನೊ ಏನು ಅವಳೊಬ್ಬಳಿಗೇ ಸೇರಿದವನಾ? ಸೈಮಿ, ನಿನ್ನ ಮನೆ ಇಲ್ಲೇ ಅಲ್ವಾ? ನಡಿ, ಅಲ್ಲಿ ಹಾಸ್ತೀವಿ."

ಹಾಗೆ ತೌನೊ ಅವರ ಸಾವಿನ ಮನೆ ನನ್ನ ಮನೆಯಾಯಿತು. ಹಾಸಿಗೆ, ಪಾತ್ರೆ, ಬೆಂಕಿ, ಎಲ್ಲ ಬೇಲಿಯ ಈಚೆ ಬಂತು. ಅಂಗಳಕ್ಕೆ ಹಾಕಿದ್ದ ಮೇಜು ಕುರ್ಚಿಗಳನ್ನು ಸಿಲ್ವಿ ಒಬ್ಬರೇ ಎಳೆದುಕೊಂಡು ಹೋಗುವ ಸದ್ದು ಕೇಳುತ್ತಿತ್ತು. ಸಹಾಯಕ್ಕೆ ಹೊರಟ ನನ್ನ ಕೈಯನ್ನು ಫ್ರೀಡಾ ಅಜ್ಜಿ ಹಿಡಿದುಕೊಂಡಳು. ಆ ಸಂಜೆ ನಾವು ಹಾಡಿದೆವು. ಆಚೆ ದೀಪ ಹತ್ತಲಿಲ್ಲ. ಮರುದಿನವೂ ಹಾಡಿದೆವು. ಎರಡನೆಯ ಚರಣದಲ್ಲಿ ಬೇಲಿಯ ಆಚೆಯಿಂದ ಕೀಚಲಾದ ಒಂದು ದನಿ ಸೇರಿಕೊಂಡಿತು. ಸಿಲ್ವಿ ಅದೇ ರಾಗಕ್ಕೆ ತಮ್ಮ ಭಾಷೆಯಲ್ಲಿ ಹಾಡುತ್ತಿದ್ದರು. ನಾವು ಯಾರೂ ತಿರುಗಿ ನೋಡಲಿಲ್ಲ. ಹಾಡು ಮುಗಿದಾಗ ಅವರ ಜಾಲರಿ ಬಾಗಿಲು ಮುಚ್ಚಿಕೊಂಡಿತು.

ಮಾರನೆಯ ದಿನ ನಮ್ಮ ಶಾಲೆಯ ಫೋನಿಗೆ ಫಿನ್ಲೆಂಡಿನಿಂದ ಅವರ ಮಗಳ ಕರೆ ಬಂತು. ಸಿಲ್ವಿ ಬಂದು ಮಾತಾಡಿದರು. ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ಎರಡೇ ಮಾತು ಆಡಿ ಇಟ್ಟುಬಿಟ್ಟರು. ಶಾಲೆಯಿಂದ ಜೊತೆಯಲ್ಲೇ ನಡೆದು ಬಂದೆವು. ನೀರು ನಿಂತ ಕಡೆ ಚಪ್ಪಲಿ ಕೈಗೆ ತೆಗೆದುಕೊಂಡೆವು.

"ಅಪ್ಪನ್ನ ಮನೆಗೆ ಕರ್ಕೊಂಡು ಬಾ ಅಂದಳು," ಎಂದರು ಸಿಲ್ವಿ. "ವಿಮಾನದಲ್ಲಿ ಕಳಿಸೋ ವ್ಯವಸ್ಥೆ ಮಿಷನ್ನಿನವರು ಮಾಡ್ತಾರಂತೆ. ನಾನು ಬೇಡ ಅಂದೆ."

"ಯಾಕೆ ಮೇಮೆ?"

"ಅಲ್ಲಿ ಅವನ ಪೆಟ್ಟಿಗೆ ಹಿಂದೆ ನಡೆಯೋಕೆ ಯಾರಿದಾರೆ? ನಾನು, ಮಗಳು, ಅಳಿಯ. ಇಲ್ಲಿ..." ಸ್ವಲ್ಪ ದೂರ ಹೋದ ಮೇಲೆ, "ಆದ್ರೆ ನನ್ನ ಅಲ್ಲೇ ಹೂಳ್ತಾರೆ ಸೈಮಿ. ಒಬ್ಬಳೇ ಇಲ್ಲಿ ಉಳಿಯೋಕೆ ಮಿಷನ್ನಿನವರು ಬಿಡಲ್ಲ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ, ಕೊನೆಗೆ ಅವನೊಂದು ಖಂಡ, ನಾನೊಂದು ಖಂಡ."

ಬೇಲಿಯ ಹತ್ತಿರ ಬಂದಾಗ ಆಕೆ ನಿಂತರು. ನನ್ನ ಅಂಗಳದಲ್ಲಿ ಹೆಂಗಸರು ಸೊಪ್ಪು ಬಿಡಿಸುತ್ತ ಕೂತಿದ್ದರು.

"ಒಬ್ಬರು ಬಂದು ಕೂತ್ರೆ ಸಾಕು," ಎಂದರು ಸಿಲ್ವಿ, ಯಾರನ್ನೂ ನೋಡದೆ. "ಒಬ್ಬರೇ. ಮಾತಾಡೋದು ಬೇಡ."

ಹೋಗಬೇಕಾದವಳು ನಾನು ಎಂದುಕೊಂಡಿದ್ದೆ. ಆದರೆ ಫ್ರೀಡಾ ಅಜ್ಜಿ ಸೊಂಟ ಹಿಡಿದುಕೊಂಡು ಎದ್ದಳು. "ನೀನು ಚಿಕ್ಕವಳು. ಗಂಡ ಸತ್ತೋಳ ಪಕ್ಕದಲ್ಲಿ ಗಂಡ ಸತ್ತೋಳೇ ಕೂರಬೇಕು." ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಆ ಮುದುಕಿ ಅಂದು ಸಂಜೆಯವರೆಗೂ ಆಕೆಯ ಪಕ್ಕದಲ್ಲಿ ತುಟಿ ಬಿಚ್ಚದೆ ಕೂತಿದ್ದಳು. ನಾನು ಊಟ ಕೊಡಲು ಹೋದಾಗ ನೋಡಿದೆ: ಇಬ್ಬರೂ ಗೋಡೆ ಕಡೆ ನೋಡುತ್ತಿದ್ದರು, ಅಜ್ಜಿಯ ಕೈ ಸಿಲ್ವಿಯ ಮೊಣಕಾಲ ಮೇಲಿತ್ತು.

ಮುಂದಿನ ಶನಿವಾರ ಮಣ್ಣು ಮಾಡಿದೆವು. ರಸ್ತೆಯೆಲ್ಲ ನೀರಾಗಿದ್ದರಿಂದ ಮಗಳು ಬರಲಾಗಲಿಲ್ಲ. ದೂರದ ಊರುಗಳ ಜನ ಬಟ್ಟೆ ಎತ್ತಿಕಟ್ಟಿಕೊಂಡು ನೀರಿನಲ್ಲಿ ನಡೆದು ಬಂದಿದ್ದರು. ಪೆಟ್ಟಿಗೆಯ ಹಿಂದಿನ ಸಾಲು ಚರ್ಚಿನಿಂದ ಸ್ಮಶಾನದವರೆಗೂ ಮುಗಿಯಲಿಲ್ಲ. ಸಿಲ್ವಿ ಒಮ್ಮೆ ಹಿಂತಿರುಗಿ ಆ ಸಾಲನ್ನು ನೋಡಿದರು. ಶಿಗ್ವೇಧಾ ಬಂದು ಕೈ ಹಿಡಿದಾಗ ಆಕೆ ಏನೋ ಹೇಳಿದರು. ಅವರು ಮುದುಕರ ಹಾಗೆ "ಹ್ಞೂಂ, ಹ್ಞೂಂ" ಎನ್ನುತ್ತ ತಲೆಯಾಡಿಸಿದರು. ಕ್ಷಮೆ ಕೇಳಿರಬೇಕು. ಏನು ಹೇಳಿದಿರಿ ಎಂದು ನಾನು ಕೇಳಲಿಲ್ಲ.

ಸಜ್ಜೆ ಕೊಯ್ಲಿನವರೆಗೂ ಆಕೆ ಇದ್ದರು. ಹೆಂಗಸರು ಈಗ ಬರುತ್ತಿದ್ದರು. ಕೂತು, ಮಳೆಯ ಬಗ್ಗೆ ಹೇಳಿ, ಬನ್ನು ತಿಂದು ಹೋಗುತ್ತಿದ್ದರು. ಸಿಲ್ವಿ ಎಲ್ಲರನ್ನೂ ಕೂರಿಸುತ್ತಿದ್ದರು, ದನ ಹೇಗಿದೆ ಎಂದು ಕೇಳುತ್ತಿದ್ದರು. ಆದರೆ ಜನ ಎದ್ದು ಹೋದ ಮೇಲೆ ಆಕೆಯ ಮುಖ ನೋಡಿದವಳು ನಾನು. ಅಷ್ಟೂ ಜನ ಸೇರಿದರೂ ತೌನೊ ಪಕ್ಕದ ಕೋಣೆಯಲ್ಲಿ ನಕ್ಕಷ್ಟು ಆಗುತ್ತಿರಲಿಲ್ಲ. ಆಮೇಲೆ ಮಿಷನ್ನಿನ ಕಾರು ಬಂತು.

ಹೋದ ಮೇಲೆ ಒಂದೇ ಸಲ ಶಾಲೆಗೆ ಫೋನ್ ಮಾಡಿದರು. ಅಲ್ಲಿ ಹಿಮ ಬೀಳುತ್ತಿದೆಯಂತೆ, ಮಧ್ಯಾಹ್ನಕ್ಕೇ ಕತ್ತಲಾಗುತ್ತದಂತೆ.

"ನಮ್ಮ ಮೇಲಿನ ಮನೇಲಿ ಒಬ್ಬ ಮುದುಕ ತೀರ್ಕೊಂಡ ಸೈಮಿ. ಹಾಸಿಗೆ ತಗೊಂಡು ಹೋಗೋಣ ಅನ್ನಿಸ್ತು," ಎಂದು ನಕ್ಕರು. "ಬನ್ನು ಮಾಡ್ಕೊಂಡು ಹೋದೆ. ಅವನ ಹೆಂಡತಿ ಬಾಗಿಲು ತೆಗೆದು, ಏನು ಬೇಕಿತ್ತು ಅಂತ ಕೇಳಿದಳು."

"ನೀವೇನು ಅಂದ್ರಿ?"

"ಏನೂ ಬೇಡ ಅಂದೆ. ಬನ್ನು ತಗೊಂಡು ಬಾಗಿಲು ಹಾಕ್ಕೊಂಡಳು."

ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ನಾಳೆ ಮತ್ತೆ ಹೋಗ್ತೀನಿ," ಎಂದರು ಸಿಲ್ವಿ. ಆಮೇಲೆ ಲೈನು ಕಡಿದುಹೋಯಿತು. ಹೋದರೋ ಇಲ್ಲವೋ, ಆ ಹೆಂಗಸು ಒಳಗೆ ಕರೆದಳೋ ಇಲ್ಲವೋ, ನನಗೆ ತಿಳಿಯಲಿಲ್ಲ.