ಗಿರಣಿಯಲ್ಲಿ ತೂಗಿಬಿಟ್ಟ ಕೈ

“ಕೈ ಅಳ್ಳಾಡಸಬ್ಯಾಡ ಅಂದ್ರ ತಿಳಿಯಂಗಿಲ್ಲೇನಬೇ? ಎಮ್ಮಿಗಿಂತ ಕಡಿಯಾದಿ.”

ಸಾಹುಕಾರ ಚನ್ನೇಶ ಹೀಗೆ ಬೈಯುವಾಗ ಮಂಗಳವ್ವನ ಬಲಗೈ ಮಣಿಕಟ್ಟಿನವರೆಗೆ ಅಚ್ಚಿನ ತಣ್ಣನೆಯ ಮುದ್ದೆಯಲ್ಲಿ ಹೂತಿತ್ತು. ರಾಣೆಬೆನ್ನೂರಿನ ಅವನ ಹತ್ತಿ ಗಿರಣಿ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಈಗ ಬೆಂಗಳೂರಿನ ಕಲಾವಿದೆ ದೀಪಿಕಾ ಅಲ್ಲಿ ಪ್ರದರ್ಶನ ಇಡುವವಳಿದ್ದಳು. ತುಕ್ಕು ತಿಂದ ಯಂತ್ರಗಳ ನಡುವೆ ಹಳೆಯ ಕೂಲಿಕಾರರ ಕೈಗಳ ಅಚ್ಚು ತೂಗಿಬಿಡುವುದು ಅವಳ ಯೋಜನೆ.

ಮಂಗಳವ್ವನ ಬಲಗೈಗೆ ಎರಡು ಬೆರಳಿರಲಿಲ್ಲ. ಚನ್ನೇಶ ಆಚೆ ಹೋದ ಮೇಲೆ ದೀಪಿಕಾ ಕಾರಣ ಕೇಳಿದಳು. ಬೀಜ ಬಿಡಿಸುವ ಯಂತ್ರ ಎಳೆದುಕೊಂಡದ್ದು, ಇವಳು ನಮ್ಮಲ್ಲಿ ದುಡಿದವಳೇ ಅಲ್ಲವೆಂದು ಸಾಹುಕಾರ ಹಾವೇರಿಯ ಕಾರ್ಮಿಕ ಅಧಿಕಾರಿಗೆ ಬರೆದುಕೊಟ್ಟದ್ದು, ಪರಿಹಾರಕ್ಕೆಂದು ತಾನು ಕೊಟ್ಟ ಮೂರು ಅರ್ಜಿಯೂ ತಿರುಗಿ ಬಂದದ್ದು, ಎಲ್ಲವನ್ನೂ ಮಂಗಳವ್ವ ಹೇಳಿದಳು. ದೀಪಿಕಾ ತಲೆದೂಗುತ್ತ ಬರೆದುಕೊಂಡಳು.

ಉದ್ಘಾಟನೆಯ ದಿನ ಮಂಗಳವ್ವ ಮಗಳು ಅಂಜಲಿಯನ್ನು ಕರೆದುಕೊಂಡು ಹೋದರೆ ಚನ್ನೇಶ ಬಾಗಿಲಲ್ಲೇ ತಡೆದ. ದೊಡ್ಡ ಮಂದಿ ಬರುವ ಹೊತ್ತು, ಹಿಂದಿನಿಂದ ಹೋಗಿ ಚಹಾದ ಕಪ್ಪು ತೊಳೆಯಿರಿ ಎಂದ. ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮಂಗಳವ್ವ ನೇರವಾಗಿ ಒಳಗೆ ನಡೆದಳು.

ಅವಳ ಕೈ ಬಿಳಿಯಾಗಿ ತೂಗುತ್ತಿತ್ತು. ಜನ ಫೋಟೊ ತೆಗೆಯುತ್ತಿದ್ದರು. ಕೆಳಗಿನ ಫಲಕವನ್ನು ಅಂಜಲಿ ಓದಿ ಹೇಳಿದಳು: ಮಂಗಳವ್ವ, ಹದಿನಾಲ್ಕು ವರ್ಷ ಈ ಗಿರಣಿಯಲ್ಲಿ ದುಡಿದವರು, ಇಲ್ಲಿಯ ಯಂತ್ರಕ್ಕೆ ಎರಡು ಬೆರಳು ಕೊಟ್ಟವರು. ಅದರಡಿ ಮಾಲೀಕನ ಸಹಿ. ತನ್ನ ಹೆಸರು ಎಲ್ಲ ಫಲಕದಲ್ಲೂ ಇರಲೆಂದು ಚನ್ನೇಶ ಓದದೆಯೇ ಸಹಿ ಹಾಕಿದ್ದ.

“ಕೊಟ್ಟಿಲ್ಲವ್ವಾ ನಾ,” ಎಂದಳು ಮಂಗಳವ್ವ. “ಕಸಗೊಂಡಾರ.”

ಫಲಕವನ್ನು ಕಿತ್ತು ಬಗಲಿಗಿಟ್ಟುಕೊಂಡಳು.

“ಏ ಹಾದರಗಿತ್ತಿ, ಇಡ ಅದನ್ನ ಅಲ್ಲೇ,” ಎನ್ನುತ್ತ ಚನ್ನೇಶ ಓಡಿ ಬಂದ. ಅದಿಲ್ಲದೆ ಕಲಾಕೃತಿ ಪೂರ್ತಿಯಾಗುವುದಿಲ್ಲ ಎಂದು ದೀಪಿಕಾ ಕೂಡ ಅಂಗಲಾಚಿದಳು.

“ಕೈ ನೀವ ಇಟಗೊರ್ರಿ,” ಎಂದಳು ಮಂಗಳವ್ವ. “ಸಹಿ ನನಗ ಬೇಕು.”

ಅತಿಥಿಗಳ ಎದುರು ಹೆಣ್ಣುಮಕ್ಕಳ ಮೈಮೇಲೆ ಕೈಹಾಕಲು ಚನ್ನೇಶನಿಗೆ ಆಗಲಿಲ್ಲ. ತಾಯಿ ಮಗಳಿಬ್ಬರೂ ಹಾವೇರಿಯ ಬಸ್ಸು ಹತ್ತಿದರು.

ಕಚೇರಿಯಲ್ಲಿ ಅಧಿಕಾರಿ ಫಲಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದಕ್ಕ ಶಿಕ್ಕಾ ಮೊಹರು ಎಲ್ಲೈತಿ? ನಾಳೆ ಬಾ.”

ಮಂಗಳವ್ವ ಅದನ್ನು ಅವನ ಕಡತಗಳ ಮೇಲೆ ನೆಟ್ಟಗೆ ನಿಲ್ಲಿಸಿದಳು. ಎದುರಿನ ಕುರ್ಚಿ ಎಳೆದುಕೊಂಡು ಕುಳಿತಳು. ಕುಂದ್ರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.