ಸಾವಿರ ಇರಿತ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಕೆಳಗೆ ನನ್ನ ಗಂಡನ ಸೆಲೂನು, ಮೇಲೆ ನಮ್ಮ ಮನೆ, ನಡುವೆ ಮರದ ಮೆಟ್ಟಿಲು, ಮೆಟ್ಟಿಲ ಬುಡದಲ್ಲೊಂದು ಪರದೆ. ನಾನು ಮೇಲಿಂದ ಕೂಗಿದರೆ ಕುರ್ಚಿಯಲ್ಲಿ ಕುಳಿತ ಗಿರಾಕಿಯ ಕಿವಿಗೂ ಬೀಳುತ್ತದೆ. ಬೀಳಲಿ ಎಂದೇ ಕೂಗುತ್ತೇನೆ. ನನ್ನ ಗಂಡ ಬಾಯಿ ಬಿಡುವವರಲ್ಲ. ಅವರ ಮಾತೆಲ್ಲ ಕೈಯಲ್ಲಿ. ಮಡಚುವ ಹಳೆಯ ಕತ್ತಿಯಲ್ಲಿ ಕ್ಷೌರ ಮಾಡುವವರು ಈ ಸುತ್ತಿನಲ್ಲಿ ಅವರೊಬ್ಬರೇ ಉಳಿದಿರುವುದು. ಕತ್ತಿ ಓಡಿದ್ದೇ ಗೊತ್ತಾಗಲಿಲ್ಲ ಎಂದು ಗಿರಾಕಿಗಳು ಹೊಗಳುವುದನ್ನು ಕೇಳಿ ನಾನು ಮೇಲೆ ಪಾತ್ರೆ ತೊಳೆಯುತ್ತಲೇ ಉಬ್ಬಿಹೋಗಿದ್ದೇನೆ. ಅದನ್ನು ಅವರ ಮುಖದ ಮುಂದೆ ಒಂದು ದಿನವೂ ಹೇಳಿಲ್ಲ, ಆ ಮಾತು ಬೇರೆ.

ಆಟದ ಪೆಟ್ಟಿಗೆಯನ್ನು ಮನೆಗೆ ತಂದವಳು ನಮ್ಮ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಅವಳು ಮೊದಲು ಕೊಂಡದ್ದೇ ಅದು. ಟಿವಿಗೆ ಸಿಕ್ಕಿಸಿ, ಜಾಯ್‌ಸ್ಟಿಕ್ ಹಿಡಿದು ಕುಳಿತವಳನ್ನು ನೋಡಿ ನನಗೆ ಮೈ ಉರಿಯಿತು.

"ಕತ್ತೆ ವಯಸ್ಸಾಯ್ತು, ಆಟ ಬೇರೆ ಕೇಡು! ಎದ್ದು ಬಟ್ಟೆ ಮಡಚು."

"ನೀನೊಂದು ಸಲ ಆಡಿ ನೋಡಮ್ಮ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

ಹಿಡಿದೆ. ಕೆಟ್ಟೆ. ಆವತ್ತು ಬಟ್ಟೆ ಮಡಚಿದವಳೂ ಅವಳೇ, ಸಾರಿಗೆ ಒಗ್ಗರಣೆ ಹಾಕಿದವಳೂ ಅವಳೇ.

ಅಯ್ಯಯ್ಯೋ, ಅದೆಂಥ ಆಟ! ಹಳದಿ ಕೋಟು ತೊಟ್ಟ ಒಬ್ಬ ಹೆಣ್ಣು, ಅವಳ ಕೈಯಲ್ಲಿ ಅವಳಿಗಿಂತ ಉದ್ದದ ಕತ್ತಿ, ಎದುರಿಗೆ ಮೂರು ಮಹಡಿ ಎತ್ತರದ ರಾಕ್ಷಸರು. ಅವಳು ಓಡುವ ರೈಲಿನ ನೆತ್ತಿಯ ಮೇಲೆ ಜಾರುತ್ತಾಳೆ. ಪಿಯಾನೋ ಎತ್ತಿ ರಾಕ್ಷಸನ ಹಲ್ಲಿಗೆ ಎಸೆದು, ಅದು ತಾಗುವ ಮುಂಚೆ ಅದರ ಮೇಲೆ ಹಾರಿ ಕುಳಿತು ನಾಲ್ಕು ಸ್ವರ ಬಾರಿಸುತ್ತಾಳೆ. ತಲೆಯೂ ಇಲ್ಲ, ಬುಡವೂ ಇಲ್ಲ. ಆದರೆ ಏನು ಠೀವಿ, ಏನು ಠೇಂಕಾರ! ಜೀವಮಾನವೆಲ್ಲ ಬಾಯಲ್ಲೇ ಯುದ್ಧ ಮಾಡಿದವಳಿಗೆ ಕೈಗೊಂದು ಕತ್ತಿ ಸಿಕ್ಕಂತಾಯಿತು.

ಈ ಆಟದಲ್ಲಿ ರಾಕ್ಷಸನನ್ನು ಕೊಂದರೆ ಸಾಲದು, ಸೊಗಸಾಗಿ ಕೊಲ್ಲಬೇಕು. ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆದರೆ ದರ್ಜೆ ಇಳಿಯುತ್ತದೆ. ಬಗೆಬಗೆಯಾಗಿ, ಪೆಟ್ಟು ತಿನ್ನದೆ ಹೊಡೆದರೆ ಏರುತ್ತದೆ. ಟಿವಿಯ ಮೂಲೆಯಲ್ಲಿ ಮೂಡುವ ಆ ದರ್ಜೆಗಳಿಗೆ ನಾವೇ ಹೆಸರಿಟ್ಟುಕೊಂಡೆವು: ಸಪ್ಪೆ, ಪರವಾಗಿಲ್ಲ, ಭಲೇ, ಎಲ್ಲಕ್ಕೂ ಮೇಲಿನದು ಅಬ್ಬಬ್ಬಾ. ನನಗೆ ತೀರಾ ಇಷ್ಟವಾದದ್ದು ಹಂಗಿಸುವ ಗುಂಡಿ. ಅದನ್ನು ಒತ್ತಿದರೆ ಕೋಟಿನವಳು ಯುದ್ಧದ ನಡುವೆ ನಿಂತು, ರಾಕ್ಷಸನ ಮೂಗಿನ ಕೆಳಗೇ ಆಕಳಿಸಿ, ಉಗುರು ನೋಡಿಕೊಳ್ಳುತ್ತಾಳೆ. ಆ ಗಳಿಗೆಯಲ್ಲಿ ಪೆಟ್ಟು ಬಿದ್ದರೆ ಗಳಿಸಿದ್ದೆಲ್ಲ ಮಣ್ಣುಪಾಲು. ಬೀಳದಿದ್ದರೆ ದರ್ಜೆ ಒಂದೇ ನೆಗೆತಕ್ಕೆ ಮೇಲೆ. "ಇದು ನಿನಗೆ ಅಂತಲೇ ಮಾಡಿದ ಗುಂಡಿ ಕಣಮ್ಮ" ಎಂದಳು ಮಗಳು.

ತಾನು ಕೆಟ್ಟ ಕೋತಿ ವನವೆಲ್ಲ ಕೆಡಿಸಿತಂತೆ. ನಾನು ಗಂಡನನ್ನೂ ಎಳೆದೆ. ಮಧ್ಯಾಹ್ನ ಊಟಕ್ಕೆ ಮೇಲೆ ಬಂದರೆ ಅಂಗಡಿಯ ಬಾಗಿಲು ಅರ್ಧ ಇಳಿಸಿರುತ್ತಾರೆ, ಗಿರಾಕಿ ಬಂದರೆ ಕೂಗುತ್ತಾರೆ. ಆ ಬಿಡುವಿನಲ್ಲಿ ಜಾಯ್‌ಸ್ಟಿಕ್ ಅವರ ಕೈಗೆ ತುರುಕಿದೆ. ಆಡುವುದೇನು ಬಂತು! ಕೋಟಿನವಳನ್ನು ಗೋಡೆಗೆ ಗುದ್ದಿಸಿದರು, ಬಾವಿಗೆ ಬೀಳಿಸಿದರು. ಆದರೆ ಒಂದೇ ಒಂದು ವರಸೆ ಅವರಿಗೆ ಒಲಿದುಬಿಟ್ಟಿತು. ಒಂದು ಗುಂಡಿಯನ್ನು ಒಂದೇ ಸಮನೆ ಟಪಟಪ ಒತ್ತುತ್ತಾ ಹೋದರೆ ಕೋಟಿನವಳ ಕತ್ತಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಇರಿಯುತ್ತದೆ. ಬೆರಳು ಎಷ್ಟು ಚುರುಕೋ ಇರಿತ ಅಷ್ಟು ದಟ್ಟ, ಇದೊಂದಕ್ಕೆ ಮಾತ್ರ ದರ್ಜೆಯೂ ವೇಗ ನೋಡಿಯೇ ಏರುತ್ತದೆ. ಅದಕ್ಕೆ ಸಾವಿರ ಇರಿತ ಎಂದು ಹೆಸರಿಟ್ಟಿದ್ದೆವು. ನನಗೂ ಮಗಳಿಗೂ ಅದರಲ್ಲಿ ಭಲೇ ದಾಟಲು ಆಗಿರಲಿಲ್ಲ. ಇವರು ಹೆಬ್ಬೆರಳು ಇಟ್ಟರೋ ಇಲ್ಲವೋ, ಟಿವಿ ತುಂಬ ಕಿಡಿ, ಮೂಲೆಯಲ್ಲಿ ಅಬ್ಬಬ್ಬಾ!

"ರೀ! ಎಲ್ಲಿ ಕಲಿತ್ರಿ ಇದನ್ನ?" ನಾನು ಕೂತಲ್ಲೇ ಕುಣಿದೆ. "ಎಂಥಾ ಕೈ ರೀ ನಿಮ್ಮದು! ಭಲೇ ನನ್ನ ಗಂಡ!"

ಅವರು ನನ್ನನ್ನೇ ನೋಡಿದರು. ಅಷ್ಟು ವರ್ಷಕ್ಕೆ ನನ್ನ ಬಾಯಿಂದ ಹೊಗಳಿಕೆ ಬಿದ್ದದ್ದು ಅದೇ ಮೊದಲು. ಏನೋ ಹೇಳಲು ಹೊರಟು, ನಕ್ಕುಬಿಟ್ಟರು. ಆಮೇಲೆ ದಿನಾ ಊಟ ಮುಗಿದ ಕೂಡಲೇ ಅವರೇ ಕೇಳತೊಡಗಿದರು, "ಸ್ವಲ್ಪ ಆಡೋಣವಾ?" ಎಂದು.

ನನಗೋ ಹೊಟ್ಟೆಕಿಚ್ಚು. ಹಾಡುಹಗಲೇ ಸೊಪ್ಪು ಬಿಡಿಸುವುದನ್ನು ಬಿಟ್ಟು ಹೆಬ್ಬೆರಳು ಊದುವ ತನಕ ಒತ್ತಿದೆ. ಜಾಯ್‌ಸ್ಟಿಕ್ಕೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮಗಳು ನಕ್ಕಳು. ಅವಳು ಬರುವಾಗ ಅಪ್ಪನ ಅಂಗಡಿಗೆ ಪಟಿಕದ ಕಲ್ಲು ತರುತ್ತಿದ್ದಳು, ಕ್ಷೌರದಲ್ಲಿ ಗೀರು ಬಿದ್ದರೆ ರಕ್ತ ನಿಲ್ಲಿಸಲು ಉಜ್ಜುತ್ತಾರಲ್ಲ, ಅದು. "ಮೊನ್ನೆ ತಾನೆ ತಂದಿದ್ದೆ, ಮತ್ತೆ ಬೇಕಂತೆ" ಎಂದಳು ಒಮ್ಮೆ. ನಾನು ಆಟದ ಗುಂಗಿನಲ್ಲಿ ಹೂಂ ಅಂದೆ.

ಆಟದ ಕೊನೆಯಲ್ಲಿ ಬರುವವನಿಗೆ ನಾವಿಟ್ಟ ಹೆಸರು ಗಂಟೆಮಂಡೆ. ಅವನ ತಲೆ ಒಂದು ದೊಡ್ಡ ಗಂಟೆ, ತೋಳು ಕುಡುಗೋಲು. ಅವನನ್ನು ಬಗ್ಗಿಸುವುದಕ್ಕೆ ಒಂದೇ ದಾರಿ. ಕುಡುಗೋಲು ಕೆಳಗಿರುವಾಗ ಉಸಿರೂ ಬಿಡಬಾರದು. ಅವನು ತೋಳು ಎತ್ತಬೇಕು. ಎತ್ತಿದ ಆ ಗಳಿಗೆಯಲ್ಲಿ ನುಗ್ಗಿ, ಹಂಗಿಸಿ, ಅವನನ್ನು ತಬ್ಬಿಬ್ಬು ಮಾಡಬೇಕು. ನನ್ನಂಥ ಮುಂಗೋಪಿಗೆ ಕಾಯುವುದೆಂದರೆ ಕೆಂಡದ ಮೇಲೆ ಕೂತಂತೆ. ಮೊದಮೊದಲು ಅವಸರದಲ್ಲಿ ನುಗ್ಗಿ ಎಷ್ಟು ಸಲ ಸತ್ತೆನೋ ದೇವರಿಗೇ ಗೊತ್ತು. "ತಾಳಿದವನು ಬಾಳಿಯಾನು" ಎಂದು ಪಕ್ಕದಿಂದ ಇವರು ಗೊಣಗುತ್ತಿದ್ದರು. ಕಡೆಗೂ ಕಾಯಲು ಕಲಿತೆ. ಹಲ್ಲು ಕಚ್ಚಿ, ಗುಂಡಿಯ ಮೇಲೆ ಬೆರಳು ಆಡಿಸದೆ, ಅವನ ಹೆಗಲನ್ನಷ್ಟೇ ನೋಡುತ್ತಾ ಕಾಯುವುದು. ಅವನು ತಬ್ಬಿಬ್ಬಾದಾಗ ಗಂಟೆ ಬಿರಿದು ಒಳಗೆ ಮಿಡಿಯುವ ಹೃದಯ ಕಾಣುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಸಾವಿರ ಇರಿತ ಮುಗಿಯಬೇಕು. ಅಲ್ಲಿ ನನ್ನ ಬೆರಳು ಸೋಲುತ್ತಿತ್ತು.

ಒಂದು ಮಧ್ಯಾಹ್ನ ಗಂಟೆಮಂಡೆಯ ಹತ್ತಿರ ಮತ್ತೆ ಸೋತು, ಜಾಯ್‌ಸ್ಟಿಕ್ ಗಂಡನ ಮಡಿಲಿಗೆ ಹಾಕಿದೆ.

"ಇವತ್ತು ಬಿಡಲ್ಲ. ಆ ಒತ್ತೋದು ಹೆಂಗೆ ಅಂತ ನಂಗೆ ಕಲಿಸಿ."

"ಕಲಿಸೋಕೇನಿದೆ ಅದರಲ್ಲಿ..."

"ಗುಟ್ಟು ಬೇರೆ! ಒತ್ತಿ, ನಾನು ಬೆರಳಿಟ್ಟು ನೋಡ್ತೀನಿ."

ಅವರ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳಿಟ್ಟೆ. ಟಿವಿಯಲ್ಲಿ ಕಿಡಿ ಹಾರಿತು, ಅಬ್ಬಬ್ಬಾ ಮೂಡಿತು. ಆದರೆ ನನ್ನ ಬೆರಳಿಗೆ ಸಿಕ್ಕಿದ್ದೇ ಬೇರೆ. ಅವರು ಒತ್ತುತ್ತಲೇ ಇರಲಿಲ್ಲ. ಬೆರಳನ್ನು ಸುಮ್ಮನೆ ಗುಂಡಿಯ ಮೇಲೆ ಇಟ್ಟಿದ್ದರು ಅಷ್ಟೆ. ಬೆರಳು ತಾನಾಗಿ ಅದುರುತ್ತಿತ್ತು. ಬುಡದಿಂದ, ಮಣಿಕಟ್ಟಿನಿಂದ, ನಿಲ್ಲಿಸಲು ಬಾರದ ನಡುಕ. ಅವರು ಕೈ ಕಿತ್ತುಕೊಂಡರು. ನಾನು ಮುಖ ನೋಡಿದೆ. ಅವರು ಟಿವಿ ನೋಡಿದರು.

"ಏನಪ್ಪಾ, ಅಂಗಡಿ ಇದೆಯೋ ಮುಚ್ಚಿದ್ದೀಯೋ?" ಕೆಳಗಿನಿಂದ ಡ್ರಿಲ್ ಮೇಷ್ಟ್ರ ಗಂಟಲು. ಶಾಲೆಯಿಂದ ನಿವೃತ್ತರಾದರೂ ಸೀಟಿ ಊದಿದಂತೆಯೇ ಮಾತಾಡುತ್ತಾರೆ. ಅವರಿಗೆ ಹಳೆಯ ಕತ್ತಿಯಲ್ಲೇ ಕ್ಷೌರವಾಗಬೇಕು, ನನ್ನ ಗಂಡನೇ ಮಾಡಬೇಕು. ಇವರು "ಬಂದೆ ಬಂದೆ" ಎಂದು ಗಡಬಡಿಸಿ ಇಳಿದುಹೋದರು.

ನಾನು ಕೂತೇ ಇದ್ದೆ. ದಡ್ಡಿ, ಶುದ್ಧ ದಡ್ಡಿ ನಾನು! ಪಟಿಕದ ಕಲ್ಲು ಯಾಕೆ ಅಷ್ಟು ಬೇಗ ಸವೆಯುತ್ತಿತ್ತು? ಕಾಫಿಯನ್ನು ಲೋಟದ ತುಂಬ ಹಾಕಬೇಡ, ಅರ್ಧ ಸಾಕು, ಪಿತ್ತ ಎಂದು ಯಾಕೆ ಅನ್ನುತ್ತಿದ್ದರು? ಪಿತ್ತವೂ ಇಲ್ಲ, ಮಣ್ಣೂ ಇಲ್ಲ. ತುಂಬಿದ ಲೋಟ ತುಳುಕುತ್ತಿತ್ತು. ನಾನು ಆ ಕೈಗೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಆ ಕೈ ಈಗ ಕೆಳಗೆ ಕತ್ತಿ ಹಿಡಿದಿತ್ತು.

ಮೆಟ್ಟಿಲಿಳಿದು ಪರದೆಯ ಸಂದಿಯಿಂದ ನೋಡಿದೆ. ಮೇಷ್ಟ್ರು ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ್ದರು. ಒಂದು ಕೆನ್ನೆ ಮುಗಿದಿತ್ತು. ಕತ್ತಿ ಗಂಟಲಿನ ಮೇಲಿತ್ತು, ನೊರೆಯ ನಡುವೆ ಗಂಟಲ ಗಂಟು ಮೇಲೆ ಕೆಳಗೆ ಆಡುತ್ತಿತ್ತು. ಇವರು ಬಲಗೈ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದಿದ್ದರು. ಉಸಿರು ಕಟ್ಟಿ ಒಂದೇ ಒಂದು ಸಲ ಎಳೆಯುವುದು, ನಿಲ್ಲುವುದು. ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು.

ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ? ಬೆಚ್ಚಿಬೀಳುತ್ತಾರೆ. ಬೆಚ್ಚಿದರೆ ಕತ್ತಿ ಎಲ್ಲಿದೆ? ಬಾಯಿ ಮುಚ್ಚಿದೆ. ಇಡೀ ಬೀದಿಗೆ ಕೇಳುವ ಗಂಟಲು ನನ್ನದು, ಅದನ್ನು ಎರಡೂ ಕೈಯಲ್ಲಿ ಹಿಸುಕಿ ಹಿಡಿದಂತೆ ನಿಂತೆ. ತಾಳು, ಕತ್ತಿ ಕೆಳಗಿದೆ, ತಾಳು. ಅವರ ಹೆಗಲನ್ನಷ್ಟೇ ನೋಡಿದೆ. ನೊರೆ ಒರೆಸಲು ಕೈ ಎತ್ತಲೇಬೇಕು. ಹೆಗಲು ಅಲುಗಿತು, ಆದರೆ ಕತ್ತಿ ಚರ್ಮ ಬಿಡಲಿಲ್ಲ, ದವಡೆಯ ಅಂಚಿಗೆ ಸರಿಯಿತು. ಮೇಷ್ಟ್ರು "ಸ್" ಎಂದರು. ಬಿಳಿ ನೊರೆಯಲ್ಲಿ ದಾರದೆಳೆಯಷ್ಟು ಕೆಂಪು. ಕಾಲು ಮುಂದಿಡಲು ಹೊರಟದ್ದನ್ನು ಹೇಗೆ ತಡೆದೆನೋ ನನಗೇ ತಿಳಿಯದು.

ಹೆಗಲು ಏರಿತು. ಕತ್ತಿ ಚರ್ಮ ಬಿಟ್ಟು, ನೊರೆ ಒರೆಸುವ ಕಾಗದದ ಕಡೆ ಹೊರಟಿತು.

"ರೀ!" ಪರದೆ ಸರಿಸಿ ನುಗ್ಗಿ, ಕುರ್ಚಿಗೂ ಅವರಿಗೂ ನಡುವೆ ನಿಂತೆ. ಸೊಂಟದ ಮೇಲೆ ಕೈ. "ನಾಚಿಕೆ ಆಗಲ್ವಾ ನಿಮಗೆ? ನಾನಲ್ಲಿ ಗಂಟೆಮಂಡೆ ಕೈಲಿ ಸಾಯ್ತಾ ಇದ್ರೆ, ಅರ್ಧ ಆಟದಲ್ಲಿ ಎದ್ದು ಬಂದು ಇಲ್ಲಿ ಯಾರದ್ದೋ ಗಡ್ಡ ಕೆರೀತಾ ಇದೀರಾ?"

ಮೇಷ್ಟ್ರು ಒಂದು ಕಣ್ಣು ತೆರೆದರು. "ಯಾರದ್ದೋ ಅಂದ್ರೆ ನನ್ನದು ತಾಯಿ."

"ನೀವು ಸುಮ್ನಿರಿ ಮೇಷ್ಟ್ರೇ! ನಿಮ್ಮ ಗಡ್ಡ ಎಲ್ಲೂ ಓಡಿಹೋಗಲ್ಲ. ಇವರಿಗೆ ನಾನು ಮುಖ್ಯವೋ ಈ ಕತ್ತಿ ಮುಖ್ಯವೋ, ಇವತ್ತೇ ತೀರ್ಮಾನ ಆಗ್ಲಿ." ಎದುರು ಅಂಗಡಿಯವನು ಇಣುಕಿದ. ಇಣುಕಲಿ ಎಂದು ಇನ್ನೂ ಜೋರಾಗಿ ಅಂದೆ: "ಕೊಡಿ ಇಲ್ಲಿ ಕತ್ತಿ. ಇನ್ನು ಮೇಲೆ ಇದು ನನ್ನ ಹತ್ರ."

ಕೈ ಚಾಚಿದೆ. ಬಾಯಲ್ಲಿ ಜಗಳ, ಕಣ್ಣಲ್ಲಿ ಏನಿತ್ತೋ ಅದನ್ನು ಅವರು ಓದಿದರು. ಮುಖ ಒಮ್ಮೆ ಬಿಳಿಚಿ, ಆಮೇಲೆ ಸಡಿಲವಾಯಿತು. ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಕತ್ತಿ ಮಡಚಿ ನನ್ನ ಅಂಗೈಯಲ್ಲಿಟ್ಟರು. ಹಿಡಿ ಬೆವರಿನಲ್ಲಿ ತೊಯ್ದಿತ್ತು.

"ಈ ಹೆಂಗಸಿನ ಜೊತೆ ಏಗೋಕಾಗಲ್ಲ ಮೇಷ್ಟ್ರೇ" ಎಂದರು. ದನಿ ಮಾತ್ರ ನಡುಗಲಿಲ್ಲ.

"ನಿಮ್ಮ ಮಹಾಯುದ್ಧ ಆಮೇಲೆ ಮಾಡ್ಕೊಳ್ಳಿ. ನನ್ನ ಉಳಿದ ಕೆನ್ನೆ ಗತಿ ಏನು?"

ಉಳಿದದ್ದನ್ನು ನಾನೇ ಮಷೀನಿನಲ್ಲಿ ಮುಗಿಸಿದೆ. ಜನ ಹೆಚ್ಚಿದ್ದಾಗ ಮಕ್ಕಳ ತಲೆಗೆ ಹಿಡಿಯುತ್ತಿದ್ದದ್ದೇ, ಹೊಸದೇನಲ್ಲ. ದವಡೆಯ ಕೆಂಪು ಗೀರಿಗೆ ಪಟಿಕ ಉಜ್ಜಿದೆ. ಗಂಟಲಿಗೂ ಅದಕ್ಕೂ ಎರಡು ಬೆರಳು ಅಂತರ. ಹುಲ್ಲು ಕೊಯ್ದ ಹಾಗಾಯಿತು ಎಂದು ಮೇಷ್ಟ್ರು ಗೊಣಗಿಕೊಂಡು, ಬೀದಿಯಲ್ಲಿ ಸಿಕ್ಕವರಿಗೆಲ್ಲ ನನ್ನ ಕತೆ ಹೇಳಲು ಹೊರಟರು.

ಬಾಗಿಲು ಪೂರ್ತಿ ಇಳಿಸಿ ತಿರುಗಿದರೆ ಇವರು ಮೆಟ್ಟಿಲ ಮೇಲೆ ಕುಳಿತಿದ್ದರು, ಕೈಗಳನ್ನು ತೊಡೆಯಡಿ ಒತ್ತಿಟ್ಟು.

"ಯಾಕೆ ಹೇಳಲಿಲ್ಲ?" ನನಗೆ ಬೈಯಬೇಕಿತ್ತು, ಅಳು ಬಂತು. "ಕೊರಳು ಕುಯ್ದಿದ್ರೆ ಏನ್ರೀ ಮಾಡ್ತಿದ್ರಿ?"

"ಬಿಡಬೇಕು ಅಂತ ದಿನಾ ಅಂದ್ಕೋತಿದ್ದೆ. ಈ ಕೈ ಬಿಟ್ರೆ ನನ್ನ ಹತ್ರ ಇನ್ನೇನಿದೆ ಹೇಳು."

"ಮತ್ತೆ ಆ ಹಾಳು ಆಟ ಯಾಕೆ ಆಡ್ತಿದ್ರಿ? ನಾನು ಕಂಡುಹಿಡೀತೀನಿ ಅಂತ ಗೊತ್ತಿರಲಿಲ್ವಾ?"

"ಕೆಳಗೆ ದಿನವಿಡೀ ಈ ನಡುಕಾನ ಬೈಕೊಂಡು, ಹಿಸುಕಿ ಹಿಡ್ಕೊಂಡು ಇರ್ತಿದ್ದೆ. ಮೇಲೆ ಬಂದ್ರೆ ಇದನ್ನೇ ನೋಡಿ ನೀನು ಭಲೇ ನನ್ನ ಗಂಡ ಅಂದೆ. ಅದೊಂದು ಮಾತು ಕೇಳೋಕೆ ಆಡ್ತಿದ್ದೆ ಕಣೇ."

ನಾನು ಅವರ ಪಕ್ಕ ಕುಳಿತು, ತೊಡೆಯಡಿಯಿಂದ ಆ ಕೈ ಎಳೆದು ನನ್ನ ಮಡಿಲಲ್ಲಿಟ್ಟುಕೊಂಡೆ. ಅದು ಅದುರುತ್ತಲೇ ಇತ್ತು. ಎಷ್ಟು ವರ್ಷ ಆ ಕೈಯ ಹೊಗಳಿಕೆಯನ್ನು ಮೇಲೆ ನಿಂತು ಕದ್ದು ಕೇಳಿದ್ದೆ ಎಂದು ಆಗ ಹೇಳಿದೆ, ಒಂದನ್ನೂ ಬಿಡದೆ.

"ನಾಳೆ ಬೆಳಿಗ್ಗೆ ಡಾಕ್ಟರ ಹತ್ರ. ತಕರಾರಿಲ್ಲ."

"ಹೂಂ. ಗಿರಾಕಿಗಳು ಕೇಳಿದ್ರೆ? ಕತ್ತಿ ಯಾಕೆ ಬಿಟ್ಟೆ ಅಂದ್ರೆ ಏನನ್ನಲಿ?"

"ಹೆಂಡತಿ ಕಿತ್ಕೊಂಡ್ಲು ಅನ್ನಿ. ನಂಬದವರು ಈ ಬೀದೀಲಿ ಯಾರಿದ್ದಾರೆ?"

ಅವರು ನಕ್ಕರು. ಮೇಲೆ ಟಿವಿ ಹಾಗೇ ಉರಿಯುತ್ತಿತ್ತು, ಗಂಟೆಮಂಡೆ ಕಾಯುತ್ತಿದ್ದ. ಇಬ್ಬರೂ ಹತ್ತಿ ಹೋದೆವು, ಜಾಯ್‌ಸ್ಟಿಕ್ಕನ್ನು ನಾನು ಹಿಡಿದೆ. ಕಾದೆ, ನುಗ್ಗಿದೆ, ಹಂಗಿಸಿದೆ. ಗಂಟೆ ಬಿರಿಯಿತು.

"ಈಗ ನೀವು" ಎಂದು ಅವರ ಬೆರಳನ್ನು ಗುಂಡಿಯ ಮೇಲಿಟ್ಟೆ.