ಬೆಸುಗೆಯಿಂದ ಮೂರು ಬೆರಳು ದೂರ

ಪೆರ್ಲಿತಾ ಹಲ್ಲುಜ್ಜುವ ಬ್ರಷ್ಷನ್ನು ಕಪ್ಪು ಬಣ್ಣದಲ್ಲಿ ಅದ್ದಿ ಹೆಬ್ಬೆರಳಿನಿಂದ ಮೀಟಿದಳು. ಬಿಳಿ ಬಳಿದ ಉಕ್ಕಿನ ಪಟ್ಟಿಯ ಮೇಲೆ ಚುಕ್ಕಿಗಳು ಸಿಡಿದವು.

"ಏನು ಇಂದಾಯ್, ಉಕ್ಕಿಗೂ ಹಲ್ಲುಜ್ತೀಯಾ?" ಎಂದು ನಕ್ಕರು ಎಂಜಿನಿಯರ್ ವಿಯಾರುಸ್, ಬನ್ನು ಜಗಿಯುತ್ತ. ಫಿಲಿಪ್ಪೀನ್ಸಿನ ಇಲೊಯ್ಲೊದ ಆ ಪರೀಕ್ಷಾಲಯಕ್ಕೆ ಅವರೇ ಹಿರಿಯರು; ಅಲ್ಲಿ ಕಿರಿಯ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಇಂದಾಯ್ ಎಂದೇ ಕರೆಯುತ್ತಾರೆ.

"ಹುಳುಕು ಹಲ್ಲು ಇದೆಯಾ ಅಂತ ನೋಡ್ತಿದೀನಿ, ಎಂಜಿನಿಯರ್."

ಅದು ಹೊಳೆಯ ಹೊಸ ತೂಗುಸೇತುವೆಯ ಬೆಸುಗೆಯ ಮಾದರಿ. ಇವತ್ತು ವಿಯಾರುಸ್ ಸಹಿ ಹಾಕಿದರೆ ಸೋಮವಾರ ಮಕ್ಕಳು ಅದರ ಮೇಲೆ ಶಾಲೆಗೆ ಹೋಗುತ್ತಾರೆ. ಪೆರ್ಲಿತಾಳ ತಂಗಿಯೂ.

ಉಕ್ಕು ಎಷ್ಟು ಹಿಗ್ಗಿತೆಂದು ಅಳೆಯುವ ತಂತಿಯನ್ನು ಬೆಸುಗೆಯಿಂದ ಮೂರು ಬೆರಳು ದೂರ, ನುಣುಪಾದ ಕಡೆ ಅಂಟಿಸುವುದು ಅಲ್ಲಿನ ರೂಢಿ. ಅಲ್ಲಿ ಅಂಟು ಚೆನ್ನಾಗಿ ಕೂರುತ್ತದೆ, ಗುತ್ತಿಗೆದಾರನೂ ನೆಮ್ಮದಿಯಾಗಿ ಕೂರುತ್ತಾನೆ. ಬೆಸುಗೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಪೆರ್ಲಿತಾಳ ಲ್ಯಾಪ್‌ಟಾಪಿನಲ್ಲಿದ್ದ ಪುಕ್ಕಟೆ ಸಾಫ್ಟ್‌ವೇರ್, ಪಟ್ಟಿಯನ್ನು ಎಳೆಯುವ ಮುಂಚಿನ ಮತ್ತು ಎಳೆಯುವಾಗಿನ ಫೋಟೋಗಳಲ್ಲಿ ಚುಕ್ಕಿಗಳ ಜರುಗಾಟ ಹೋಲಿಸಿ, ಬೆಸುಗೆಯೂ ಸೇರಿ ಮೂಲೆಮೂಲೆಯ ಹಿಗ್ಗನ್ನೂ ಬಣ್ಣದಲ್ಲಿ ತೋರಿಸಬಲ್ಲದಾಗಿತ್ತು: ಕಡಿಮೆ ಹಿಗ್ಗಿದಲ್ಲಿ ನೀಲಿ, ಹೆಚ್ಚು ಹಿಗ್ಗಿದಲ್ಲಿ ಕೆಂಪು.

"ಪುಕ್ಕಟೆ ಸಿಕ್ಕಿದ್ದರ ಮಾತು ಕೇಳಿ ಸೇತುವೆ ನಿಲ್ಲಿಸಲಾ?" ವಿಯಾರುಸ್ ರೇಗಿದರು. "ಮಕ್ಕಳು ಬಿದಿರು ತೆಪ್ಪದಲ್ಲಿ ದಾಟ್ತಿದಾರೆ. ಹೋದ ಮಳೆಗಾಲ ಅದು ಮಗುಚಿದ್ದು ಮರೆತ್ಯಾ?"

"ನನ್ನ ತಂಗಿ ಅದರಲ್ಲೇ ಇದ್ಲು. ಈಜಿ ಬಂದ್ಲು. ಸೇತುವೆ ಕಿತ್ತುಬಂದ್ರೆ ಅಷ್ಟೆತ್ತರದಿಂದ ಹೇಗೆ ಈಜ್ತಾಳೆ?"

ವಿಯಾರುಸ್ ಬನ್ನನ್ನು ಕೆಳಗಿಟ್ಟರು. "ನಿನ್ನ ಚುಕ್ಕಿಗಳೇ ಸುಳ್ಳು ಹೇಳಿದ್ರೆ?" ಎಂದರು.

"ನೀವೇ ಪರೀಕ್ಷೆ ಮಾಡಿ. ಒಳಗಿನ ಲೆಕ್ಕವೆಲ್ಲ ತೆರೆದಿಟ್ಟಿದಾರೆ, ಯಾವ ಬೀಗವೂ ಇಲ್ಲ."

ಕನ್ನಡಕ ಏರಿಸಿ ಅವರು ಪಟ್ಟಿಯನ್ನು ಎಳೆಯದೆಯೇ ಎರಡು ಫೋಟೋ ತೆಗೆಸಿದರು. ಹಿಗ್ಗು ಸೊನ್ನೆ. ಬೇಕೆಂದೇ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದರು. ಆಗಲೂ ಸೊನ್ನೆ; ಸರಿದದ್ದನ್ನು ಅದು ಹಿಗ್ಗೆಂದು ಎಣಿಸಲಿಲ್ಲ.

"ಎಲಾ, ಮೋಸ ಹೋಗಲ್ವಲ್ಲ ಇದು!" ಅವರ ದನಿಯಲ್ಲಿ ಹುರುಪು ಬಂದಿತ್ತು. "ಎಳಿ!"

ಪಟ್ಟಿಯನ್ನು ಎಳೆಯುವ ಯಂತ್ರ ಗುಂಯ್ಗುಟ್ಟಿತು. ಕ್ಯಾಮೆರಾ ಟಿಕ್ ಟಿಕ್ ಎಂದಿತು. ಪರದೆ ತುಂಬ ನೀಲಿ. ಬೆಸುಗೆಯ ಅಂಚಿನಲ್ಲಿ ಹಳದಿಯ ಗೆರೆಯೊಂದು ಮೂಡಿತು, ಕಿತ್ತಳೆಯಾಯಿತು, ಭಗ್ಗನೆ ಕೆಂಪಾಯಿತು. ಹೊರೆ ಇನ್ನೂ ಸೇತುವೆ ಹೊರಬೇಕಾದುದರ ಅರ್ಧವೂ ಆಗಿರಲಿಲ್ಲ.

"ನೋಡಿ! ನೋಡಿ!" ಪೆರ್ಲಿತಾ ಕುಣಿದೇಬಿಟ್ಟಳು.

ವಿಯಾರುಸ್ ಬೆಸುಗೆಯಿಂದ ಮೂರು ಬೆರಳು ದೂರದಲ್ಲಿ ಪರದೆಯನ್ನು ಮುಟ್ಟಿದರು. ತಂತಿ ಅಂಟಿಸುತ್ತಿದ್ದ ಆ ಜಾಗ ಈಗಲೂ ತಣ್ಣಗಿನ ನೀಲಿ. ಅಷ್ಟರಲ್ಲಿ ಠಣ್ ಎಂದು ಪಟ್ಟಿ ತುಂಡಾಯಿತು, ಕೆಂಪಿದ್ದಲ್ಲೇ.

ಫೋನು ರಿಂಗಾಯಿತು. "ಸಹಿ ಆಯ್ತಾ, ಎಂಜಿನಿಯರ್?" ಗುತ್ತಿಗೆದಾರನ ದನಿ ಪೆರ್ಲಿತಾಳಿಗೂ ಕೇಳಿಸಿತು.

"ಇಲ್ಲ. ಬೆಸುಗೆ ಎಲ್ಲ ಕಿತ್ತು ಮತ್ತೆ ಹಾಕಿಸಿ. ಅಲ್ಲೀವರೆಗೆ ಮಕ್ಕಳಿಗೊಂದು ಗಟ್ಟಿ ದೋಣಿ ಬಿಡಿಸಿ. ಫೋಟೋ ಕಳಿಸ್ತೀನಿ, ಸಾಫ್ಟ್‌ವೇರೂ ಕಳಿಸ್ತೀನಿ. ನಂಬಿಕೆ ಇಲ್ದಿದ್ರೆ ನೀವೇ ಅಳೀರಿ."

ಫೋನಿಟ್ಟು ಅವರು ಗೋಡೆಯ ಕಪಾಟಿನ ಕಡೆ ನೋಡಿದರು. ಮೂರು ಬೆರಳು ದೂರದ ಅಳತೆ ನಂಬಿ ತಾವು ಸಹಿ ಹಾಕಿದ ಪ್ರತಿ ಸೇತುವೆಯ ಬೆಸುಗೆಯ ಒಂದೊಂದು ತುಂಡು ಅಲ್ಲಿತ್ತು, ಹೆಸರು, ಇಸವಿ ಬರೆದ ಚೀಟಿ ಸಮೇತ. ಬಾಗಿಲು ತೆರೆದು ಎಲ್ಲಕ್ಕಿಂತ ಹಳೆಯ ತುಂಡನ್ನು ತಂದು ಮೇಜಿನ ಮೇಲಿಟ್ಟರು. ತಾವೇ ಬಿಳಿ ಬಳಿದು, ಆರುವವರೆಗೂ ಕಾದರು.

"ಬ್ರಷ್ ಇಲ್ಲಿ ಕೊಡು, ಇಂದಾಯ್."

ಮೊದಲ ಮೀಟಿಗೆ ಚುಕ್ಕಿಗಳು ಸಿಡಿದದ್ದು ಅವರ ಇಸ್ತ್ರಿ ಅಂಗಿಯ ಮೇಲೆ. ಅವರು ಒರೆಸಿಕೊಳ್ಳಲಿಲ್ಲ. ಬ್ರಷ್ಷನ್ನು ಮತ್ತೆ ಅದ್ದಿದರು.